ಹತ್ತು ಕಡ್ಡಿ, ಒಂದು ಕಟ್ಟು: ಪುಟ್ಟ ಮಕ್ಕಳಿಗೆ ಸ್ಥಾನಬೆಲೆ

ಆರೇಳು ವರ್ಷದ ಮಗುವೊಂದನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನೂರರವರೆಗೆ ತಡವರಿಸದೆ ಎಣಿಸುವ ಮಗುವೇ ಆಗಿರಲಿ. ಅದರ ಮುಂದೆ ಅಂಗಿಗೆ ಹಾಕುವ ಗುಂಡಿಗಳನ್ನು ಸುರಿಯಿರಿ, ಹದಿನಾರು. ಎಣಿಸಲು ಹೇಳಿ, ಎಣಿಸುತ್ತದೆ. ಎಷ್ಟು ಅಂತ ಬರೆಯಲು ಹೇಳಿ, 16 ಅಂತ ಚೆಂದವಾಗಿ ಬರೆಯುತ್ತದೆ. ಈಗ ಆ 6ರ ಮೇಲೆ ಬೆರಳಿಟ್ಟು, "ಈ ಅಂಕಿ ಹೇಳುವಷ್ಟು ಗುಂಡಿ ತೋರಿಸು" ಅನ್ನಿ. ಆರು ಗುಂಡಿ ಎಣಿಸಿ ಈಚೆ ಎಳೆಯುತ್ತದೆ. ಆಮೇಲೆ 1ರ ಮೇಲೆ ಬೆರಳಿಟ್ಟು ಅದೇ ಮಾತು ಕೇಳಿ. ಬಹಳಷ್ಟು ಮಕ್ಕಳು ಒಂದೇ ಒಂದು ಗುಂಡಿ ತೋರಿಸುತ್ತಾರೆ.

ಉಳಿದ ಒಂಬತ್ತು ಗುಂಡಿ ನೆಲದ ಮೇಲೆ ಹಾಗೇ ಇರುತ್ತವೆ. "ಹಾಗಾದರೆ ಇವು?" ಅಂತ ಕೇಳಿದರೆ ಮಗು ಒಮ್ಮೆ ಗುಂಡಿ ನೋಡುತ್ತದೆ, ಒಮ್ಮೆ ಕಾಗದ ನೋಡುತ್ತದೆ. "ಅವು ಸುಮ್ನೆ ಇವೆ" ಅಂದ ಮಗುವನ್ನೂ ನಾನು ಕಂಡಿದ್ದೇನೆ. ಮಕ್ಕಳು ಲೆಕ್ಕ ಕಲಿಯುವ ಬಗೆಯನ್ನು ವರ್ಷಗಟ್ಟಲೆ ಗಮನಿಸಿದ ಕಾನ್‌ಸ್ಟನ್ಸ್ ಕಮೀ ಈ ಪ್ರಶ್ನೆಯನ್ನು ಹೀಗೇ ಮಕ್ಕಳ ಮುಂದಿಡುತ್ತಿದ್ದರು. ಪುಟ್ಟ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ನಾನೂ ಇದರಿಂದಲೇ ಶುರು ಮಾಡುತ್ತೇನೆ. ಉತ್ತರ ತಪ್ಪಾದರೂ ಬೇಜಾರಿಲ್ಲ. ಮಗು ಎಲ್ಲಿ ನಿಂತಿದೆ ಅಂತ ಗೊತ್ತಾಯಿತಲ್ಲ, ಅದು ಸಾಕು.

ಆ ಮಗುವಿಗೆ ಗಮನ ಸಾಲದು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಇಷ್ಟು ದಿನ ನಾವೇ ಅದಕ್ಕೆ 1 ಅಂದರೆ ಒಂದು ಅಂತ ಕಲಿಸಿದ್ದೇವೆ. ಒಂದು ಚೆಂಡು, ಒಂದು ಮೂಗು, ಒಂದು ಸೂರ್ಯ. ಈಗ ಅದೇ ಗುರುತನ್ನು ಎಡಕ್ಕೆ ಒಂದು ಮನೆ ಸರಿಸಿ, ಇದು ಹತ್ತು ಅನ್ನುತ್ತಿದ್ದೇವೆ. ಗುರುತು ಬದಲಾಗಿಲ್ಲ, ಅದರ ಗಾತ್ರ ಬದಲಾಗಿಲ್ಲ, ಬಣ್ಣವೂ ಬದಲಾಗಿಲ್ಲ. ಬದಲಾದದ್ದು ಅದು ಕೂತ ಜಾಗ ಮಾತ್ರ. ಕಣ್ಣಿಗೆ ಕಾಣದ ಈ ಬದಲಾವಣೆಯನ್ನು ಬಾಯಿಮಾತಿನಲ್ಲಿ ನಂಬಿಸುವುದು ಕಷ್ಟ. ಕೈಯಲ್ಲಿ ಹಿಡಿಸಿದರೆ ಸುಲಭ.

ಎರಡು ವಿಷಯ ಒಟ್ಟಿಗೆ ಬಂದಾಗ

ಸ್ಥಾನಬೆಲೆ ಅಂತ ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಬಿಚ್ಚಿ ನೋಡಿದರೆ ಒಳಗೆ ಎರಡು ಬೇರೆ ಬೇರೆ ವಿಷಯಗಳಿವೆ.

ಮೊದಲನೆಯದು, ಹತ್ತು ಸೇರಿ ಒಂದಾಗುತ್ತದೆ ಅನ್ನುವುದು. ಹತ್ತು ಕಡ್ಡಿಯನ್ನು ಕಟ್ಟಿದರೆ ಒಂದು ಕಟ್ಟು. ಅದು ಹತ್ತೂ ಹೌದು, ಒಂದೂ ಹೌದು, ಎರಡೂ ಒಟ್ಟಿಗೆ. ದೊಡ್ಡವರಿಗೆ ಇದು ಎಷ್ಟು ಅಭ್ಯಾಸವಾಗಿದೆ ಅಂದರೆ ಇದೊಂದು ಕಲಿಯಬೇಕಾದ ವಿಷಯ ಅಂತಲೇ ಅನಿಸುವುದಿಲ್ಲ. ಆದರೆ ಮಗುವಿಗೆ ಇದು ದೊಡ್ಡ ನೆಗೆತ. ಒಂದೇ ವಸ್ತುವನ್ನು ಏಕಕಾಲಕ್ಕೆ ಎರಡು ರೀತಿ ಎಣಿಸಬೇಕು.

ಎರಡನೆಯದು, ಬರೆಯುವಾಗ ಜಾಗವೇ ಮಾತಾಡುತ್ತದೆ ಅನ್ನುವುದು. ಕಟ್ಟುಗಳ ಲೆಕ್ಕ ಎಡಕ್ಕೆ, ಬಿಡಿಗಳ ಲೆಕ್ಕ ಬಲಕ್ಕೆ. ಇದು ಬರವಣಿಗೆಯ ಒಪ್ಪಂದ. ಕಡ್ಡಿಗಳಿಗೆ ಈ ಒಪ್ಪಂದ ಗೊತ್ತೇ ಇಲ್ಲ.

ಈ ವ್ಯತ್ಯಾಸ ತೋರಿಸಲು ಒಂದು ಸಣ್ಣ ಆಟವಿದೆ. ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಇಡಿ. ಮೂವತ್ತನಾಲ್ಕು. ಈಗ ಬಿಡಿ ಕಡ್ಡಿಗಳನ್ನು ಎಡಕ್ಕೆ ತಳ್ಳಿ, ಕಟ್ಟುಗಳನ್ನು ಬಲಕ್ಕೆ ಎಳೆಯಿರಿ. ಎಷ್ಟಾಯಿತು? ಈಗಲೂ ಮೂವತ್ತನಾಲ್ಕೇ. ಎಲ್ಲವನ್ನೂ ಡಬ್ಬಿಗೆ ಹಾಕಿ ಕುಲುಕಿದರೂ ಮೂವತ್ತನಾಲ್ಕೇ. ಆದರೆ 3 ಮತ್ತು 4 ಅಂತ ಬರೆದ ಎರಡು ಚೀಟಿಗಳನ್ನು ಅದಲು ಬದಲು ಮಾಡಿದರೆ? ನಲವತ್ತಮೂರು ಆಗಿಬಿಡುತ್ತದೆ. ಮಕ್ಕಳು ಇಲ್ಲಿ ಒಂದು ಕ್ಷಣ ತಡೆಯುತ್ತಾರೆ. ಕೆಲವರು ಚೀಟಿಗಳನ್ನು ಮತ್ತೆ ಮತ್ತೆ ಅದಲಿಸಿ ನೋಡುತ್ತಾರೆ. ಕಡ್ಡಿಗೆ ಜಾಗ ಬೇಡ, ಅಂಕಿಗೆ ಜಾಗ ಬೇಕು. ಈ ಮಾತು ಮಗುವಿನ ಬಾಯಿಂದಲೇ ಬಂದರೆ ಅರ್ಧ ಕೆಲಸ ಆದ ಹಾಗೆ.

ಹೆಚ್ಚಿನ ಪಾಠಗಳು ತಲೆಕೆಳಗಾಗಿ ಶುರುವಾಗುತ್ತವೆ ಅನ್ನುವುದು ನನ್ನ ಅನಿಸಿಕೆ. ಮೊದಲ ದಿನವೇ ಹಲಗೆಯ ಮೇಲೆ "ಹತ್ತು", "ಬಿಡಿ" ಅಂತ ಎರಡು ಕಾಲಂ ಎಳೆದು, 16ನ್ನು ತೆಗೆದು 1 ಇಲ್ಲಿ, 6 ಅಲ್ಲಿ ಅಂತ ಬರೆಸುತ್ತೇವೆ. ಮಗು ಬರೆಯುತ್ತದೆ. ಎಡದ ಅಂಕಿ ಎಡದ ಕಾಲಂಗೆ, ಬಲದ ಅಂಕಿ ಬಲದ ಕಾಲಂಗೆ. ನೂರು ಲೆಕ್ಕ ಕೊಟ್ಟರೂ ಸರಿಯಾಗಿಯೇ ಮಾಡುತ್ತದೆ. ಇದಕ್ಕೆ ಹತ್ತು ಅಂದರೆ ಏನು ಅಂತ ಗೊತ್ತಿರಬೇಕಾಗಿಯೇ ಇಲ್ಲ. ನಾನೂ ಮೊದಮೊದಲು ಹೀಗೇ ಕಲಿಸುತ್ತಿದ್ದೆ. ಪುಸ್ತಕದ ತುಂಬ ಸರಿ ಗುರುತು. ಗುಂಡಿ ಸುರಿದು ಕೇಳಿದಾಗ ಮಾತ್ರ ಒಂದೇ ಗುಂಡಿ.

ಮನುಷ್ಯರಿಗೂ ಇದು ಒಂದೇ ದಿನದಲ್ಲಿ ಹೊಳೆದದ್ದಲ್ಲ. ರೋಮನ್ ಅಂಕಿಗಳಲ್ಲಿ ಹದಿನಾರನ್ನು ಬರೆಯಲು ಹತ್ತಕ್ಕೆ ಒಂದು ಗುರುತು, ಐದಕ್ಕೆ ಇನ್ನೊಂದು, ಒಂದಕ್ಕೆ ಮತ್ತೊಂದು. ಹತ್ತರ ಗುರುತು ನೋಡಿದ ಕೂಡಲೇ ಹತ್ತು ಅಂತ ತಿಳಿಯುತ್ತದೆ. ಬ್ಯಾಬಿಲೋನಿನವರು ಜಾಗಕ್ಕೆ ಬೆಲೆ ಕೊಟ್ಟರು, ಆದರೆ ಅರವತ್ತರ ಗುಂಪಿನಲ್ಲಿ. ಖಾಲಿ ಜಾಗಕ್ಕೆ ಅವರ ಹತ್ತಿರ ಬಹುಕಾಲ ಗುರುತೇ ಇರಲಿಲ್ಲ. ಸೊನ್ನೆಯನ್ನೂ ಒಂದು ಸಂಖ್ಯೆಯಾಗಿ ತೆಗೆದುಕೊಂಡು ಕೂಡುವ, ಕಳೆಯುವ ನಿಯಮಗಳನ್ನು ಬ್ರಹ್ಮಗುಪ್ತ ಬರೆದಿಟ್ಟದ್ದು 628ರಲ್ಲಿ. ಯುರೋಪಿನ ವ್ಯಾಪಾರಿಗಳಿಗೆ ಈ ಹತ್ತು ಅಂಕಿಗಳ ಲೆಕ್ಕವನ್ನು ಇಟಲಿಯ ಗಣಿತಜ್ಞ ಫಿಬೊನಾಚಿ ವಿವರಿಸಿದ್ದು 1202ರಲ್ಲಿ. ಆಮೇಲೂ ಹಳೆಯ ಅಂಕಿಗಳು ಅಲ್ಲಿ ಬೇಗ ಹೋಗಲಿಲ್ಲ. ಇಷ್ಟು ಕಾಲ ಹಿಡಿದ ವಿಷಯವನ್ನು ಆರು ವರ್ಷದ ಮಗು ಒಂದು ವಾರದಲ್ಲಿ ಹಿಡಿಯಬೇಕು ಅಂತ ಅವಸರ ಮಾಡುವುದು ನ್ಯಾಯವಲ್ಲ, ಅಲ್ವಾ?

ಕನ್ನಡ ಕೊಡುವ ಸಹಾಯ

ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಬಾಯಲ್ಲಿರುವ ಸಾಮಗ್ರಿಯ ಬಗ್ಗೆ ಒಂದು ಮಾತು. ಸಂಖ್ಯೆಗಳ ಹೆಸರೂ ಕಲಿಕೆಯ ಸಾಮಗ್ರಿಯೇ. ಅದರಲ್ಲಿ ಕನ್ನಡದ ಮಕ್ಕಳು ಅದೃಷ್ಟವಂತರು.

ನಾವು ಹತ್ತನ್ನು ಮೊದಲು ಹೇಳಿ ಬಿಡಿಯನ್ನು ಆಮೇಲೆ ಹೇಳುತ್ತೇವೆ. ಇಪ್ಪತ್ತಮೂರು. ಕಿವಿಗೆ ಬಿದ್ದ ಕ್ರಮದಲ್ಲೇ ಕೈ ಬರೆಯುತ್ತದೆ. ಹದಿನಾಲ್ಕರಲ್ಲೂ ಹಾಗೇ, ಹದಿ ಮೊದಲು, ನಾಲ್ಕು ಆಮೇಲೆ. ಇಂಗ್ಲಿಷಿನ ಫೋರ್ಟೀನ್‌ನಲ್ಲಿ ನಾಲ್ಕು ಮೊದಲು ಬರುತ್ತದೆ, ಅದಕ್ಕೇ ಎಷ್ಟೋ ಮಕ್ಕಳು ಫೋರ್ಟೀನ್ ಅಂದಾಗ 41 ಅಂತ ಬರೆದುಬಿಡುತ್ತಾರೆ. ಜರ್ಮನ್ ಮಕ್ಕಳು ಇಪ್ಪತ್ತನಾಲ್ಕನ್ನು "ನಾಲ್ಕು ಮತ್ತು ಇಪ್ಪತ್ತು" ಅಂತ ಕೇಳಿ 24 ಅಂತ ಬರೆಯಬೇಕು. ಹಿಂದಿಯಲ್ಲಿ ನೂರರವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕಾಗುತ್ತದೆ. ಚೀನಿ ಭಾಷೆ ಎಲ್ಲಕ್ಕಿಂತ ಸಲೀಸು. ಅಲ್ಲಿ ಹನ್ನೊಂದು ಅಂದರೆ "ಹತ್ತು ಒಂದು", ಇಪ್ಪತ್ತು ಅಂದರೆ "ಎರಡು ಹತ್ತು".

ನಮ್ಮ ಹೆಸರುಗಳ ಒಳಗೂ ಅದೇ ಇದೆ, ಸ್ವಲ್ಪ ಸವೆದಿದೆ ಅಷ್ಟೇ. ಹಳಗನ್ನಡದಲ್ಲಿ ಹತ್ತನ್ನು "ಪತ್ತು" ಅನ್ನುತ್ತಿದ್ದರು. ಇಪ್ಪತ್ತು, ಎಪ್ಪತ್ತುಗಳ ಬಾಲದಲ್ಲಿ ಆ ಪತ್ತು ಇನ್ನೂ ಕೂತಿದೆ. ಮೂವತ್ತು, ನಲವತ್ತು, ಐವತ್ತು, ಅರವತ್ತುಗಳಲ್ಲಿ ಅದು "ವತ್ತು" ಆಗಿದೆ. ಎಂಬತ್ತರಲ್ಲಿ "ಬತ್ತು". ಹನ್ನೊಂದರ ಹನ್, ಹದಿಮೂರರ ಹದಿ, ಹತ್ತೊಂಬತ್ತರ ಹತ್ತು, ಎಲ್ಲವೂ ಒಂದೇ ಮನೆಯವು. ಮಕ್ಕಳಿಗೆ ಇದನ್ನು ವ್ಯಾಕರಣವಾಗಿ ಹೇಳಬೇಕಿಲ್ಲ. "ಅರವತ್ತು, ಇದರಲ್ಲಿ ಯಾರು ಅಡಗಿದ್ದಾರೆ?" ಅಂತ ಕೇಳಿ. "ಆರು!" ಅಂತ ಕೂಗುತ್ತಾರೆ. ಐವತ್ತರಲ್ಲಿ ಐದು, ಮೂವತ್ತರಲ್ಲಿ ಮೂರು. ತೊಂಬತ್ತು ಮಾತ್ರ ತನ್ನ ಒಂಬತ್ತನ್ನು ಕೊಂಚ ಮರೆಮಾಡಿಕೊಂಡಿದೆ.

ಒಂದು ಎಚ್ಚರಿಕೆ. ಇಪ್ಪತ್ತು, ಎಪ್ಪತ್ತು ಈ ಎರಡರ ನಡುವೆ ಇರುವುದು ಒಂದೇ ಸ್ವರದ ಅಂತರ. ಇಪ್ಪತ್ತೇಳು ಅಂತ ನೀವು ಹೇಳಿದಾಗ ಮಗು 77 ಬರೆದರೆ, ಅದಕ್ಕೆ ಸ್ಥಾನಬೆಲೆ ಬರುವುದಿಲ್ಲ ಅಂತ ತೀರ್ಮಾನ ಮಾಡಬೇಡಿ. ಕಿವಿಗೆ ಹಾಗೆ ಬಿದ್ದಿರಬಹುದು.

ನಾನು ಮಾಡುವುದು ಇಷ್ಟೇ. ಕೆಲವು ವಾರ ಪ್ರತಿ ಸಂಖ್ಯೆಗೂ ಎರಡು ಹೆಸರು. ಮೂವತ್ತನಾಲ್ಕು ಒಂದು, "ಮೂರು ಹತ್ತು ನಾಲ್ಕು" ಇನ್ನೊಂದು. ಮಕ್ಕಳು ಇದನ್ನು ಅಡ್ಡಹೆಸರು ಅಂತ ಕರೆಯುತ್ತಾರೆ. ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ ಅಂತ ಎರಡು ಕಡೆ ಓಡಾಡುವ ಮಕ್ಕಳಿಗೆ ಈ ಅಡ್ಡಹೆಸರು ಸೇತುವೆಯ ಹಾಗೆ ಕೆಲಸ ಮಾಡುತ್ತದೆ.

ಕಡ್ಡಿ ಮತ್ತು ರಬ್ಬರ್ ಬ್ಯಾಂಡ್

ಈಗ ಮುಖ್ಯ ಕೆಲಸ. ಇದಕ್ಕೆ ದುಬಾರಿ ಸಾಮಾನು ಏನೂ ಬೇಡ. ಒಂದೇ ಉದ್ದದ ತೆಳು ಕಡ್ಡಿಗಳು, ಒಂದಿಷ್ಟು ರಬ್ಬರ್ ಬ್ಯಾಂಡ್. ಕಡ್ಡಿಯ ತುದಿ ಚೂಪಾಗಿರಬಾರದು, ಅಷ್ಟೇ.

ನಲವತ್ತಮೂರು ಕಡ್ಡಿಯನ್ನು ನೆಲಕ್ಕೆ ಸುರಿದು "ಎಷ್ಟಿವೆ?" ಅಂತ ಕೇಳಿ. ಹತ್ತರ ಮಾತೇ ಎತ್ತಬೇಡಿ. ಮಗು ಒಂದೊಂದೇ ಎಣಿಸುತ್ತದೆ. ಇಪ್ಪತ್ತಾರು, ಇಪ್ಪತ್ತೇಳು ಅನ್ನುವಷ್ಟರಲ್ಲಿ ಯಾರೋ ಬಾಗಿಲು ತೆರೆಯುತ್ತಾರೆ, ಇನ್ಯಾರೋ ಕರೆಯುತ್ತಾರೆ. ಲೆಕ್ಕ ತಪ್ಪುತ್ತದೆ. ಮತ್ತೆ ಮೊದಲಿನಿಂದ. ಎರಡನೇ ಸಲವೂ ತಪ್ಪಿದರೆ ಇನ್ನೂ ಒಳ್ಳೆಯದು. ಮಗುವಿಗೇ ಬೇಸರ ಬರಬೇಕು. ಆಗ ಕೇಳಿ: "ತಪ್ಪಿದರೂ ಮೊದಲಿನಿಂದ ಶುರು ಮಾಡದ ಹಾಗೆ ಏನಾದರೂ ಮಾಡಬಹುದಾ?"

ಸ್ವಲ್ಪ ಹೊತ್ತು ಕಾಯಿರಿ. ಈ ಕಾಯುವುದು ಬಹಳ ಮುಖ್ಯ. ಕೆಲವು ಮಕ್ಕಳು ಐದೈದರ ಗುಂಪು ಮಾಡುತ್ತಾರೆ, ಕೆಲವರು ಇಷ್ಟ ಬಂದಷ್ಟರ ಗುಂಪು. ಮಾಡಲಿ. ಒಂದು ಗುಂಪಿನಲ್ಲಿ ಎಂಟು, ಇನ್ನೊಂದರಲ್ಲಿ ಹನ್ನೊಂದು ಇದ್ದರೆ ಕೊನೆಗೆ ಕೂಡುವುದು ಕಷ್ಟ ಅಂತ ಅವರಿಗೇ ಗೊತ್ತಾಗುತ್ತದೆ. ಗುಂಪೆಲ್ಲ ಸಮ ಇರಬೇಕು ಅನ್ನುವುದು ಹೀಗೆ ಅವರ ಕಷ್ಟದಿಂದಲೇ ಹುಟ್ಟಬೇಕು. ಹತ್ತೇ ಯಾಕೆ ಅಂತ ಕೇಳಿದರೆ ಎರಡೂ ಕೈ ಎತ್ತಿ ಬೆರಳು ತೋರಿಸಿ.

ಆಮೇಲೆ ಕಟ್ಟುವುದು. ಹತ್ತು ಎಣಿಸಿ, ಮೇಜಿನ ಮೇಲೆ ತಟ್ಟಿ ತುದಿಗಳನ್ನು ಸಮ ಮಾಡಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಸುತ್ತಬೇಕು. ಪುಟ್ಟ ಬೆರಳುಗಳಿಗೆ ಇದು ಸಲೀಸಲ್ಲ. ಕಡ್ಡಿ ಜಾರುತ್ತದೆ, ಬ್ಯಾಂಡ್ ಹಾರುತ್ತದೆ. ನಾವೇ ಕಟ್ಟಿಕೊಟ್ಟರೆ ಬೇಗ ಮುಗಿಯುತ್ತದೆ ನಿಜ. ದಯವಿಟ್ಟು ಕಟ್ಟಿಕೊಡಬೇಡಿ. ಹತ್ತು ಬಿಡಿಗಳು ಒಂದಾಗುವುದು ಆ ಎರಡು ಸುತ್ತಿನಲ್ಲೇ. ನಾವು ಕಟ್ಟಿಕೊಟ್ಟ ಕಟ್ಟು ಮಗುವಿಗೆ ಒಂದು ದಪ್ಪ ಕಡ್ಡಿ ಅಷ್ಟೇ. ತಾನೇ ಕಟ್ಟಿದ್ದರೆ ಒಳಗೆ ಹತ್ತಿವೆ ಅಂತ ಕೈಗೇ ಗೊತ್ತಿರುತ್ತದೆ.

ನಾಲ್ಕು ಕಟ್ಟು, ಮೂರು ಬಿಡಿ ಆದ ಮೇಲೆ ಮತ್ತೆ ಕೇಳಿ, ಎಷ್ಟಿವೆ? ಎಷ್ಟೋ ಮಕ್ಕಳು ಕಟ್ಟು ಬಿಚ್ಚಿ ಒಂದೊಂದೇ ಎಣಿಸಲು ಹೊರಡುತ್ತಾರೆ. ಇನ್ನು ಕೆಲವರು ಬಿಚ್ಚದೆ, ಕಟ್ಟಿನೊಳಗಿನ ತುದಿಗಳನ್ನು ಬೆರಳಿಂದ ಮುಟ್ಟಿ ಮುಟ್ಟಿ ಎಣಿಸುತ್ತಾರೆ. ತಡೆಯಬೇಡಿ. ಹತ್ತು ಅಲ್ಲೇ ಇದೆ ಅನ್ನುವ ನಂಬಿಕೆ ಇನ್ನೂ ಗಟ್ಟಿಯಾಗಿಲ್ಲ. ನಾಲ್ಕೈದು ದಿನ ಹೀಗೇ ಎಣಿಸಿದ ಮೇಲೆ ಒಂದು ದಿನ ತಾವಾಗಿಯೇ "ಹತ್ತು, ಇಪ್ಪತ್ತು, ಮೂವತ್ತು, ನಲವತ್ತು" ಅನ್ನುತ್ತಾರೆ.

ಅಲ್ಲೇ ಇನ್ನೊಂದು ಎಡವು. "ಹತ್ತು, ಇಪ್ಪತ್ತು, ಮೂವತ್ತು, ನಲವತ್ತು" ಆದ ಮೇಲೆ ಬಿಡಿ ಕಡ್ಡಿಗೆ ಬಂದಾಗ "ಐವತ್ತು, ಅರವತ್ತು, ಎಪ್ಪತ್ತು" ಅಂತ ಮುಂದುವರಿಯುತ್ತಾರೆ. ನಾಲಿಗೆ ಹತ್ತರ ಲಯ ಹಿಡಿದುಬಿಟ್ಟಿರುತ್ತದೆ. ಇದಕ್ಕೆ ಒಂದು ಸರಳ ಉಪಾಯವಿದೆ. ಕಟ್ಟಿಗೆ ಒಂದು ಜೋರು ಚಪ್ಪಾಳೆ, ಬಿಡಿ ಕಡ್ಡಿಗೆ ಬೆರಳಿಂದ ಒಂದು ಚಿಟಿಕೆ. ಚಪ್ಪಾಳೆ, ಚಪ್ಪಾಳೆ, ಚಪ್ಪಾಳೆ, ಚಪ್ಪಾಳೆ, ನಲವತ್ತು. ಚಿಟಿಕೆ, ನಲವತ್ತೊಂದು. ಸದ್ದು ಬದಲಾದಾಗ ಎಣಿಕೆಯೂ ಬದಲಾಗುತ್ತದೆ. ಕಟ್ಟು, ಬಿಡಿಗಳನ್ನು ಬೆರಕೆ ಮಾಡಿ ಇಟ್ಟು ಎಣಿಸಲು ಹೇಳಿದರೆ ಇನ್ನೂ ಗಟ್ಟಿಯಾಗುತ್ತದೆ.

ನನಗೆ ಬಹಳ ಇಷ್ಟವಾದ ಒಂದು ಅಭ್ಯಾಸವಿದೆ, ಎಷ್ಟೋ ದೇಶಗಳ ತರಗತಿಗಳಲ್ಲಿ ಇದನ್ನು ಮಾಡುತ್ತಾರೆ. ಗೋಡೆಗೆ ಮೂರು ಚೀಲ ನೇತುಹಾಕುವುದು. ಶಾಲೆ ನಡೆದ ಪ್ರತಿ ದಿನಕ್ಕೆ ಒಂದು ಕಡ್ಡಿ ಬಲತುದಿಯ ಚೀಲಕ್ಕೆ. ಹತ್ತನೇ ದಿನ ಕಡ್ಡಿಗಳನ್ನೆಲ್ಲ ಹೊರತೆಗೆದು ಕಟ್ಟಿ ನಡುವಿನ ಚೀಲಕ್ಕೆ. ಬಲದ ಚೀಲ ಖಾಲಿ. ಮಕ್ಕಳು ಬಗ್ಗಿ ನೋಡುತ್ತಾರೆ, ಏನೂ ಇಲ್ಲ. ಆ ಖಾಲಿ ಚೀಲದ ಕೆಳಗೆ ಸೊನ್ನೆ ಬರೆದ ಚೀಟಿ ಇಡಬೇಕು. ನೂರನೇ ದಿನ ಹತ್ತು ಕಟ್ಟು ಸೇರಿ ಒಂದು ದಪ್ಪ ಕಟ್ಟು. ಅದು ಎಡತುದಿಯ ಚೀಲಕ್ಕೆ ಹೋಗುತ್ತದೆ, ಉಳಿದೆರಡೂ ಖಾಲಿ. 100. ದಿನಕ್ಕೆ ಎರಡು ನಿಮಿಷದ ಕೆಲಸ. ಆದರೆ ಮಗು ನೂರನ್ನು ಐದಾರು ತಿಂಗಳು ಕಾದು ನೋಡಿರುತ್ತದೆ. ನೂರು ಎಷ್ಟು ದೊಡ್ಡದು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಸೊನ್ನೆ ಅಂದರೆ ಖಾಲಿ ಮನೆ

ಮೂರು ಕಟ್ಟು ಮಾತ್ರ ಇದ್ದಾಗ ಮಗು 3 ಅಂತ ಬರೆಯುತ್ತದೆ. ಅದರ ಲೆಕ್ಕದಲ್ಲಿ ಅದು ಸರಿಯೇ, ಮೂರು ಇವೆಯಲ್ಲ. ಪಕ್ಕದಲ್ಲಿ ಮೂರು ಬಿಡಿ ಕಡ್ಡಿ ಇಟ್ಟು, ಇದನ್ನು ಹೇಗೆ ಬರೆಯುತ್ತೀಯ ಅಂತ ಕೇಳಿ. ಅದಕ್ಕೂ 3. ಎರಡೂ ಒಂದೇ ಹಾಗೆ ಕಂಡರೆ ಓದುವವರಿಗೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆಯ ಮುಂದೆ ಸೊನ್ನೆಗೆ ಕೆಲಸ ಸಿಗುತ್ತದೆ. ಬಿಡಿಯ ಮನೆಯಲ್ಲಿ ಯಾರೂ ಇಲ್ಲ, ಆದರೆ ಮನೆ ಇದೆ ಅಂತ ಹೇಳುವುದೇ ಅದರ ಕೆಲಸ. "ಸೊನ್ನೆಗೆ ಬೆಲೆ ಇಲ್ಲ" ಅಂತ ಮಕ್ಕಳಿಗೆ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಅದು ಇಲ್ಲದಿದ್ದರೆ ಮುನ್ನೂರು ಮೂರಾಗಿಬಿಡುತ್ತದೆ.

ದಕ್ಷಿಣ ಅಮೆರಿಕದ ಇಂಕಾ ಜನರು ಹಗ್ಗಕ್ಕೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಅದೂ ಹತ್ತರ ಲೆಕ್ಕವೇ. ಹಗ್ಗದ ಒಂದು ಭಾಗದಲ್ಲಿ ಬಿಡಿಯ ಗಂಟು, ಅದರ ಮೇಲೆ ಹತ್ತರದು, ಅದರ ಮೇಲೆ ನೂರರದು. ಸೊನ್ನೆ ಬರಬೇಕಾದ ಕಡೆ ಗಂಟಿಲ್ಲದೆ ಹಗ್ಗವನ್ನು ಖಾಲಿ ಬಿಡುತ್ತಿದ್ದರು. ಮಕ್ಕಳಿಗೆ ದಾರ ಕೊಟ್ಟು ಇದನ್ನು ಮಾಡಿಸಬಹುದು. 203ರ ದಾರದಲ್ಲಿ ನಡುವಿನ ಖಾಲಿ ಜಾಗವನ್ನು ಬೆರಳಿಂದ ಸವರಿ "ಇಲ್ಲಿ ಸೊನ್ನೆ" ಅನ್ನುತ್ತಾರೆ. ಸೊನ್ನೆಯನ್ನು ಮುಟ್ಟಬಹುದು ಅಂತ ಅವರಿಗೆ ಖುಷಿ.

ಯಾವ ಸಾಮಗ್ರಿ, ಯಾವಾಗ

ಅಂಗಡಿಯಲ್ಲಿ ಸಿಗುವ ಸಾಮಗ್ರಿಗಳನ್ನೆಲ್ಲ ಒಂದೇ ಅಂತ ತಿಳಿಯುವುದರಿಂದ ಗೊಂದಲ ಜಾಸ್ತಿ. ಕಡ್ಡಿ, ಗುಂಡಿ, ಬೀಜಗಳನ್ನು ಮಗು ತಾನೇ ಗುಂಪು ಮಾಡುತ್ತದೆ, ತಾನೇ ಬಿಡಿಸುತ್ತದೆ. ಮೊದಲು ಬೇಕಾದದ್ದು ಇದು.

ಆಮೇಲೆ ಬರುವುದು ಮೊದಲೇ ಗುಂಪಾಗಿ ಅಂಟಿಕೊಂಡಿರುವ ಸಾಮಗ್ರಿ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ "ಮಕ್ಕಳ ಮನೆ" ಅನ್ನುವ ಶಾಲೆ ಶುರು ಮಾಡಿದರು. ಅವರ ಪದ್ಧತಿಯ ಚಿನ್ನದ ಬಣ್ಣದ ಮಣಿಗಳು ಇಂದಿಗೂ ಬಳಕೆಯಲ್ಲಿವೆ. ಒಂದು ಬಿಡಿ ಮಣಿ. ತಂತಿಗೆ ಪೋಣಿಸಿದ ಹತ್ತರ ಸರ. ಹತ್ತು ಸರ ಸೇರಿದ ನೂರರ ಚೌಕ. ಹತ್ತು ಚೌಕ ಪೇರಿಸಿದ ಸಾವಿರದ ಘನ. ಒಂದು ಕೈಯಲ್ಲಿ ಒಂದು ಮಣಿ, ಇನ್ನೊಂದು ಕೈಯಲ್ಲಿ ಸಾವಿರದ ಘನ ಹಿಡಿದ ಮಗುವಿನ ಮುಖ ನೋಡಬೇಕು. ಘನ ಹಿಡಿದ ಕೈ ಕೆಳಗೆ ಜಗ್ಗುತ್ತದೆ. 1 ಮತ್ತು 1000ದ ನಡುವಿನ ಅಂತರವನ್ನು ತೋಳೇ ಹೇಳುತ್ತದೆ.

ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜೋಲ್ಟಾನ್ ಡೀನ್ಸ್ ಹೆಸರಿನ ಬ್ಲಾಕ್‌ಗಳೂ ಇದೇ ಜಾತಿಯವು. ಒಂದು ಸೆಂಟಿಮೀಟರಿನ ಪುಟ್ಟ ಘನ, ಹತ್ತರ ಪಟ್ಟಿ, ನೂರರ ಹಲಗೆ, ಸಾವಿರದ ದೊಡ್ಡ ಘನ. ಇವುಗಳ ಗುಣವೂ ತೊಡಕೂ ಒಂದೇ: ಇವನ್ನು ಬಿಚ್ಚಲು ಆಗುವುದಿಲ್ಲ. ಹತ್ತರ ಪಟ್ಟಿಯಿಂದ ಮೂರು ತೆಗೆಯಬೇಕಾದರೆ, ಪಟ್ಟಿ ಕೊಟ್ಟು ಹತ್ತು ಬಿಡಿ ಘನ ತೆಗೆದುಕೊಳ್ಳಬೇಕು. ಕಟ್ಟು ಬಿಚ್ಚುವುದೇ ಬೇರೆ, ಅದಲುಬದಲು ಮಾಡಿಕೊಳ್ಳುವುದೇ ಬೇರೆ. ಕಡ್ಡಿಯಲ್ಲಿ ಅದೇ ಹತ್ತು ಕಡ್ಡಿ ಹೊರಬರುತ್ತವೆ. ಬ್ಲಾಕಿನಲ್ಲಿ ಬೇರೆ ಹತ್ತು ಬರುತ್ತವೆ, ಅವು ಇದಕ್ಕೆ ಸಮ ಅಂತ ಒಪ್ಪಿಕೊಳ್ಳಬೇಕು. ಅದಕ್ಕೇ ಕಡ್ಡಿ ಮುಗಿದ ಮೇಲೆ ಬ್ಲಾಕು. ಶುರುವಿನಲ್ಲಿ ಪಟ್ಟಿಯ ಪಕ್ಕಕ್ಕೆ ಹತ್ತು ಘನ ಜೋಡಿಸಿ, ಉದ್ದ ಸರಿಯಾಗುತ್ತದೆಯೇ ಅಂತ ಮಗುವೇ ಅಳೆದು ನೋಡಲಿ.

ಬಣ್ಣದ ಬಿಲ್ಲೆಗಳು ಕೊನೆಗೆ. ಕೆಂಪು ಬಿಲ್ಲೆ ಅಂದರೆ ಒಂದು, ನೀಲಿ ಅಂದರೆ ಹತ್ತು. ಎರಡರ ಗಾತ್ರವೂ ಒಂದೇ. ನೀಲಿಯಲ್ಲಿ ಹತ್ತು ಎಲ್ಲೂ ಕಾಣುವುದಿಲ್ಲ, ನೆನಪಿಟ್ಟುಕೊಳ್ಳಬೇಕು. ಮಣಿಚೌಕಟ್ಟೂ ಹಾಗೇ. ತಂತಿಯ ಮೇಲಿನ ಮಣಿಗಳೆಲ್ಲ ಒಂದೇ ಅಳತೆ, ಯಾವ ತಂತಿ ಅನ್ನುವುದರ ಮೇಲೆ ಬೆಲೆ. ಇದು ಬರೆಯುವ ಅಂಕಿಗೆ ತುಂಬ ಹತ್ತಿರ. ಹಾಗಾಗಿಯೇ ಮೊದಲ ಪಾಠಕ್ಕೆ ಇದು ದೂರ. ಮಣಿಚೌಕಟ್ಟಿನಿಂದಲೇ ಶುರು ಮಾಡಿದ ಮಕ್ಕಳು ಮಣಿ ಸರಿಸುವುದನ್ನು ಬೇಗ ಕಲಿಯುತ್ತಾರೆ, ಹತ್ತನ್ನು ಮಾತ್ರ ಕಂಡಿರುವುದಿಲ್ಲ.

ಸಾಮಗ್ರಿಯಿಂದ ಅಂಕಿಗೆ ದಾಟುವುದು

ಸಾಮಗ್ರಿ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ ಆಗಿಬಿಟ್ಟರೆ ಪ್ರಯೋಜನವಿಲ್ಲ. ಕಡ್ಡಿ ಆಟ ಮುಗಿಸಿ ಎತ್ತಿಟ್ಟು, ಆಮೇಲೆ ಬರೆಯಲು ಕೂರಿಸಿದರೆ ಮಗುವಿಗೆ ಇವೆರಡೂ ಬೇರೆ ಬೇರೆ ಕೆಲಸ. ಕಡ್ಡಿ ಸರಿದ ಆ ಕ್ಷಣವೇ ಅಂಕಿಯೂ ಬದಲಾಗಬೇಕು.

ಮುನ್ನೂರ ನಲವತ್ತೈದು ಬರೆ ಅಂದರೆ ಎಷ್ಟೋ ಮಕ್ಕಳು 300405 ಅಂತ ಬರೆಯುತ್ತಾರೆ. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದಾರೆ. ಮುನ್ನೂರು 300, ನಲವತ್ತು 40, ಐದು 5. ಒಂದೊಂದೂ ಸರಿ. ಇದಕ್ಕೆ ಒಂದರ ಮೇಲೊಂದು ಕೂರುವ ಚೀಟಿಗಳು ಬಹಳ ಚೆನ್ನಾಗಿ ಕೆಲಸ ಮಾಡುತ್ತವೆ. 300 ಬರೆದ ಉದ್ದ ಚೀಟಿ, 40 ಬರೆದ ನಡುವಿನದು, 5 ಬರೆದ ಗಿಡ್ಡ ಚೀಟಿ. ಬಲತುದಿ ಸರಿಹೊಂದಿಸಿ ಒಂದರ ಮೇಲೊಂದು ಇಟ್ಟರೆ 345. ಸೊನ್ನೆಗಳು ಕೆಳಗೆ ಅಡಗುತ್ತವೆ. ಮೇಲಿನ ಚೀಟಿ ಎತ್ತಿದರೆ ಮತ್ತೆ ಕಾಣುತ್ತವೆ. 3ರ ಹಿಂದೆ ಎರಡು ಸೊನ್ನೆ ಅಡಗಿವೆ ಅಂತ ಒಮ್ಮೆ ಎತ್ತಿ ನೋಡಿದ ಮಗುವಿಗೆ "ಇಲ್ಲಿ 3ರ ಬೆಲೆ ಮುನ್ನೂರು" ಅನ್ನುವುದು ಬಾಯಿಪಾಠದ ವಾಕ್ಯವಾಗಿ ಉಳಿಯುವುದಿಲ್ಲ.

ನಡುವೆ ಚಿತ್ರದ ಹಂತ ಬೇಕು. ಹತ್ತಕ್ಕೆ ಒಂದು ಉದ್ದ ಗೆರೆ, ಬಿಡಿಗೆ ಚುಕ್ಕಿ. ಮೊದಲು ಕೈಯಲ್ಲಿ ಮಾಡುವುದು, ಆಮೇಲೆ ಚಿತ್ರವಾಗಿ ನೋಡುವುದು, ಆಮೇಲೆ ಗುರುತಿನಲ್ಲಿ ಬರೆಯುವುದು ಅಂತ ತಿಳಿವಳಿಕೆಯ ಮೂರು ಬಗೆಗಳನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದರು. ಈ ಮೂರೂ ಮೆಟ್ಟಿಲಲ್ಲ ಅನ್ನುವುದು ನನ್ನ ಅನುಭವ. ಬರೆಯಲು ಬರುವ ಮಗುವೂ ಎಡವಿದಾಗ ಕಡ್ಡಿಗೆ ವಾಪಸ್ ಬರುತ್ತದೆ. ಬರಲಿ. "ಇಷ್ಟು ದೊಡ್ಡವನಾದೆ, ಇನ್ನೂ ಕಡ್ಡಿ ಬೇಕಾ?" ಅಂತ ಮಾತ್ರ ಯಾರೂ ಅನ್ನಬಾರದು.

ಕಳೆಯುವ ಲೆಕ್ಕದಲ್ಲಿ ಇದರ ಫಲ ಸಿಗುತ್ತದೆ. 52ರಲ್ಲಿ 27 ಕಳೆ ಅಂದರೆ ಬಹಳ ಮಕ್ಕಳ ಉತ್ತರ 35. ಎರಡರಲ್ಲಿ ಏಳು ಹೋಗುವುದಿಲ್ಲ, ಹಾಗಾಗಿ ಏಳರಲ್ಲಿ ಎರಡು ಕಳೆದುಬಿಡುತ್ತಾರೆ. ನಾವು "ಪಕ್ಕದ ಮನೆಯಿಂದ ಸಾಲ ತಗೋ" ಅಂತ ಕಲಿಸುತ್ತೇವೆ. ಸಾಲ ತಂದದ್ದು ಒಂದು, ಇಲ್ಲಿ ಬಂದಾಗ ಹತ್ತು. ಅದನ್ನು ಯಾರೂ ವಾಪಸ್ ಕೊಡುವುದೂ ಇಲ್ಲ. ಯೋಚನೆ ಮಾಡುವ ಮಗುವಿಗೆ ಈ ಮಾತು ಅರ್ಥವಾಗದಿದ್ದರೆ ತಪ್ಪು ಮಗುವಿನದಲ್ಲ. ಐದು ಕಟ್ಟು, ಎರಡು ಬಿಡಿ ಕೊಟ್ಟು, "ಇದರಲ್ಲಿ ಇಪ್ಪತ್ತೇಳು ನನಗೆ ಕೊಡು" ಅನ್ನಿ. ಮಗು ಎರಡು ಕಟ್ಟು ಕೊಡುತ್ತದೆ. ಇನ್ನು ಏಳು ಬೇಕು, ಕೈಯಲ್ಲಿ ಬಿಡಿ ಎರಡೇ. ಯಾರೂ ಹೇಳಿಕೊಡದೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆಯುತ್ತದೆ. ಹನ್ನೆರಡು ಬಿಡಿ. ಅದರಲ್ಲಿ ಏಳು ಕೊಡುತ್ತದೆ. ಉಳಿದದ್ದು ಎರಡು ಕಟ್ಟು, ಐದು ಬಿಡಿ. ಈಗ ಅದೇ ಕೆಲಸವನ್ನು ಪಕ್ಕದಲ್ಲಿ ಬರೆದು ತೋರಿಸಿ. 5 ಹೊಡೆದು 4 ಬರೆಯುವುದು ಕಟ್ಟು ಬಿಚ್ಚಿದ್ದರ ಗುರುತು ಅಂತ ಅದಕ್ಕೇ ಕಾಣುತ್ತದೆ. ಕೂಡುವಾಗ ದಶಕ ಏರಿಸುವುದು ಇದರ ಉಲ್ಟಾ, ಅದಕ್ಕೆ ಇಷ್ಟು ಹೊತ್ತು ಬೇಕಾಗುವುದಿಲ್ಲ.

52 ಅಂದರೆ ಐದು ಹತ್ತು ಎರಡು ಮಾತ್ರವಲ್ಲ. ನಾಲ್ಕು ಹತ್ತು ಹನ್ನೆರಡೂ ಹೌದು, ಮೂರು ಹತ್ತು ಇಪ್ಪತ್ತೆರಡೂ ಹೌದು. ಎಷ್ಟು ರೀತಿ ಮಾಡಬಹುದು ಅಂತ ಹುಡುಕಿಸಿ. ಒಂದೂ ಕಟ್ಟಿಲ್ಲದ ಐವತ್ತೆರಡು ಬಿಡಿಯವರೆಗೆ ಆರು ರೀತಿ ಸಿಗುತ್ತವೆ. ಇದನ್ನು ಆಡಿದ ಮಕ್ಕಳು ಮುಂದೆ 503ರಲ್ಲಿ 168 ಕಳೆಯುವಾಗ ನಡುವಿನ ಸೊನ್ನೆ ನೋಡಿ ಹೆದರುವುದಿಲ್ಲ. ಒಂದು ನೂರನ್ನು ಬಿಚ್ಚಿದರೆ ಹತ್ತು ಹತ್ತು, ಅದರಲ್ಲಿ ಒಂದನ್ನು ಬಿಚ್ಚಿದರೆ ಹತ್ತು ಬಿಡಿ. ಈಗ ಇರುವುದು ನಾಲ್ಕು ನೂರು, ಒಂಬತ್ತು ಹತ್ತು, ಹದಿಮೂರು ಬಿಡಿ. ಉತ್ತರ 335.

ಮಗುವಿಗೆ ನಿಜವಾಗಿ ತಿಳಿಯಿತೇ ಅಂತ ನೋಡಲು "4ರ ಸ್ಥಾನಬೆಲೆ ಎಷ್ಟು?" ಅನ್ನುವ ಪ್ರಶ್ನೆ ಸಾಲದು. ಸೊನ್ನೆ ಎಣಿಸಿ ಬರೆಯುವ ಉಪಾಯ ಗೊತ್ತಿದ್ದರೂ ಅದಕ್ಕೆ ಉತ್ತರ ಬರುತ್ತದೆ. ಬದಲಿಗೆ, "230ರಲ್ಲಿ ಒಟ್ಟು ಎಷ್ಟು ಹತ್ತುಗಳಿವೆ?" ಅಂತ ಕೇಳಿ. ಕಾಲಂ ಮಾತ್ರ ಕಲಿತ ಮಗು 3 ಅನ್ನುತ್ತದೆ. ಕಟ್ಟು ಕಟ್ಟಿದ ಮಗು ಒಂದು ಕ್ಷಣ ಯೋಚಿಸಿ 23 ಅನ್ನುತ್ತದೆ. ನೂರರೊಳಗೆ ಹತ್ತು ಹತ್ತುಗಳು ಇನ್ನೂ ಇವೆ ಅಂತ ಅದಕ್ಕೆ ಗೊತ್ತು.

ಡೀನ್ಸ್ ಬ್ಲಾಕುಗಳನ್ನು ಸಾವಿರಕ್ಕೆ ನಿಲ್ಲಿಸಿದಾಗ ಒಂದು ಹುಡುಗಿ ಕೇಳಿದ್ದಳು, "ಇದಾದ ಮೇಲೆ ಏನು?" ಸಾವಿರದ ಘನ ಹತ್ತನ್ನು ಸಾಲಾಗಿ ಇಟ್ಟರೆ ಮತ್ತೆ ಒಂದು ಪಟ್ಟಿ, ಒಂದು ಮೀಟರ್ ಉದ್ದ. ಅದು ಹತ್ತು ಸಾವಿರ. ಅಂಥ ಹತ್ತು ಪಟ್ಟಿ ಸೇರಿದರೆ ಹಲಗೆ, ಅದು ಲಕ್ಷ. ಹತ್ತು ಹಲಗೆ ಪೇರಿಸಿದರೆ ಮತ್ತೆ ಘನ, ಹತ್ತು ಲಕ್ಷ. ಬಿಡಿಯಲ್ಲಿ ಕಂಡ ಘನ, ಪಟ್ಟಿ, ಹಲಗೆಯ ಆಕಾರಗಳೇ ಮತ್ತೆ ಮತ್ತೆ ಬರುತ್ತವೆ. ನಮ್ಮ ಹತ್ತಿರ ಅಷ್ಟು ಬ್ಲಾಕು ಇರಲಿಲ್ಲ. ಮೀಟರ್ ಉದ್ದದ ಹನ್ನೆರಡು ಕೋಲು ತಂದು, ಮೂಲೆಗಳನ್ನು ದಾರದಿಂದ ಬಿಗಿದು ಚೌಕಟ್ಟು ಮಾಡಿದೆವು. ಆಕೆ ಒಂದು ಸೆಂಟಿಮೀಟರಿನ ಪುಟ್ಟ ಘನವನ್ನು ಒಂದು ಮೂಲೆಯಲ್ಲಿ ಇಟ್ಟಳು. ಆಮೇಲೆ ಬಗ್ಗಿ ಒಳಗೆ ನುಸುಳಿ, ಮೊಣಕಾಲು ಮಡಚಿಕೊಂಡು ಹತ್ತು ಲಕ್ಷದೊಳಗೆ ಕೂತಳು.